ಮನೆಗೆ ಎರಡು ಪರ್ಸೆಂಟ್

ನಮ್ಮ ಊರಿನಲ್ಲಿ ಮೈಲಿಗಲ್ಲುಗಳಿವೆ, ಅವುಗಳ ಮೇಲೆ ಸಂಖ್ಯೆಗಳಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಅವಕ್ಕೆ ಸುಣ್ಣ ಬಳಿಯುತ್ತಾರೆ, ಅಷ್ಟೇ. ಬರೆಯುವುದಾದರೂ ಏನನ್ನು? ಇಲ್ಲಿ ಹೋಗಲು ಮನಸ್ಸಿದ್ದವನಿಗೆ ದಾರಿ ಗಿಡ್ಡ, ಮನಸ್ಸಿಲ್ಲದವನಿಗೆ ಉದ್ದ. ಇದು ಗಾದೆಯಲ್ಲ, ರಸ್ತೆ ಇರುವುದೇ ಹಾಗೆ. ಹಲ್ಲಿನ ಡಾಕ್ಟರ ಶಾಪು ಬಸ್‌ಸ್ಟ್ಯಾಂಡಿನ ಎದುರಿಗೇ ಇದ್ದರೂ ಅಲ್ಲಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಚುನಾವಣೆಗೆ ಮುಂಚೆ ಶಾಸಕರು ಒಂದೇ ಬೆಳಿಗ್ಗೆ ಹದಿನೆಂಟು ವಾರ್ಡು ಸುತ್ತಿ ಹನ್ನೊಂದರ ಕಾಫಿಗೆ ಮನೆ ಸೇರುತ್ತಾರೆ. ಗೆದ್ದ ಮೇಲೆ ಅದೇ ಶಾಸಕರು ಅದೇ ವಾರ್ಡಿಗೆ ಹೊರಟು ಐದು ವರ್ಷ ದಾರಿಯಲ್ಲೇ ಇರುತ್ತಾರೆ. ನಾವ್ಯಾರೂ ತಪ್ಪು ತಿಳಿಯುವುದಿಲ್ಲ. ಹೊರಟಿದ್ದಾರಂತೆ, ಬರುತ್ತಾರೆ ಎಂದು ಸುಮ್ಮನಾಗುತ್ತೇವೆ. ಬಸ್ಸಿನಲ್ಲಿ ಕೂತವರ ಮನಸ್ಸನ್ನು ರಸ್ತೆ ಕೇಳುವುದಿಲ್ಲ, ಸ್ಟೇರಿಂಗ್ ಹಿಡಿದವರ ಮನಸ್ಸನ್ನು ಮಾತ್ರ ಕೇಳುತ್ತದೆ. ಹಾಗಾಗಿ ನಮ್ಮ ಸಿಟಿ ಬಸ್ಸುಗಳು ಊಟದ ಹೊತ್ತಿಗೆ ಡಿಪೋ ಕಡೆ ತಿರುಗಿದರೆ ಕಣ್ಣು ಮಿಟುಕಿಸುವುದರೊಳಗೆ ತಲುಪಿರುತ್ತವೆ.

ಇಂಥ ಊರಿನಲ್ಲಿ ನೆಂಟಸ್ತನ ಉಳಿಸಿಕೊಳ್ಳಲು ಒಂದು ರೂಢಿ ಇತ್ತು. ಬಂದವರನ್ನು ಮನೆಯವರು ದಾರಿ ಹೇಗಿತ್ತು ಎಂದು ಕೇಳುತ್ತಾರೆ. ಬೆಳಿಗ್ಗೆ ಹೊರಟು ಧೂಳು ಮೆತ್ತಿಕೊಂಡು ಮಧ್ಯಾಹ್ನ ಬಂದವನೂ ಈಗ ಹೊರಟೆ, ಈಗ ಬಂದೆ ಎನ್ನಬೇಕು. ಗಾಡಿಯ ಮೀಟರು ಇದಕ್ಕೆ ಅಡ್ಡ ಬರಬಾರದೆಂದು ಹೊಸ ಗಾಡಿಯ ಪೂಜೆಯ ದಿನವೇ ಮೆಕ್ಯಾನಿಕ್ ಕಿಲೋಮೀಟರ್ ತೋರಿಸುವ ವೈರನ್ನು ಕಿತ್ತುಹಾಕುತ್ತಿದ್ದ. ತೆಂಗಿನಕಾಯಿ ಒಡೆಯುವುದು, ಚಕ್ರದಡಿ ನಿಂಬೆಹಣ್ಣು ಇಡುವುದು, ಆಮೇಲೆ ವೈರು ಕೀಳುವುದು. ಹೀಗೆ ತಲೆಮಾರುಗಳಿಂದ ಉಳಿದುಬಂದ ಮರ್ಯಾದೆಯನ್ನು ಹಾಳು ಮಾಡಿದವನು ನಾನು, ಗುರುಮಲ್ಲಪ್ಪ, ಅಳತೆ ಮತ್ತು ತೂಕ ಇಲಾಖೆಯ ಇನ್ಸ್‌ಪೆಕ್ಟರು. ಅಳತೆಯ ವಿಭಾಗವನ್ನು ಹಿಂದಿನವರ ಕಾಲದಲ್ಲೇ ಮುಚ್ಚಿದ್ದಾರೆ, ನಾನು ನೋಡುವುದು ತೂಕವನ್ನು ಮಾತ್ರ. ಊರಿಗೆ ಮೊದಲ ಎಲೆಕ್ಟ್ರಿಕ್ ಕಾರು ತಂದವನೂ ನಾನೇ.

ಕಾರು ಎಂದರೆ ಕಾರು, ಅಷ್ಟೇ. ಕಾಗದದ ಪ್ರಕಾರ ನಾಲ್ಕು ಜನ ಕೂರಬಹುದು. ಹಿಂದೆ ಕೂತವರು ಮಂಡಿಗೆ ಗದ್ದ ಊರಿಕೊಂಡರೆ ಕೂರಬಹುದು. ಶಬ್ದವೇ ಇಲ್ಲದ್ದರಿಂದ ಬೀದಿನಾಯಿಗಳು ಏಳುತ್ತಿರಲಿಲ್ಲ. ಇಳಿದು ಹೋಗಿ, ಏಳಪ್ಪಾ ಎಂದು ಎಬ್ಬಿಸಿ ಬರಬೇಕಿತ್ತು. ಚಾರ್ಜು ಮಾಡಲು ಪವರ್ ಪ್ಲಗ್ ಬೇಕು, ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅದೂ ಬಚ್ಚಲುಮನೆಯ ಗೀಸರಿನದು. ಬಚ್ಚಲ ಕಿಟಕಿಯಿಂದ ವೈರು ಹೊರಗೆ ಎಳೆದು ಕಾರಿಗೆ ಸಿಕ್ಕಿಸುತ್ತಿದ್ದೆವು. ಕಾರಿಗೆ ಚಾರ್ಜಾದ ದಿನ ನನಗೆ ತಣ್ಣೀರು, ನನಗೆ ಬಿಸಿನೀರಾದ ದಿನ ಕಾರಿಗೆ ಉಪವಾಸ. ಇದಕ್ಕೆಲ್ಲ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಒಂದೇ: ಸ್ಟೇರಿಂಗಿನ ಹಿಂದೆ ಒಂದು ಪರದೆ, ಅದರಲ್ಲಿ ಬದನೆಕಾಯಿ ಗಾತ್ರದ ಅಂಕಿಗಳಲ್ಲಿ ಉಳಿದ ಚಾರ್ಜು. ಮೆಕ್ಯಾನಿಕ್ ಪೂಜೆಯ ದಿನ ಅರ್ಧ ಗಂಟೆ ಕೆಳಗೆ ತೂರಿ ಹುಡುಕಿದ. ಕೀಳಲು ಅದಕ್ಕೆ ಪ್ರತ್ಯೇಕ ವೈರೇ ಇರಲಿಲ್ಲ.

ಮೊದಲ ವಾರವೇ ಎಲ್ಲರಿಗೂ ಅರ್ಥವಾಯಿತು. ಮನೆಯಿಂದ ಆಫೀಸಿಗೆ ಹೋಗಲು ನನಗೆ ಮೂವತ್ತೆಂಟು ಪರ್ಸೆಂಟ್ ಚಾರ್ಜು ಬೇಕು. ಅದೇ ದಾರಿಯಲ್ಲಿ ಆಫೀಸಿನಿಂದ ಮನೆಗೆ ಬರಲು ಎರಡು ಸಾಕು. ನಮ್ಮ ಸಾಹೇಬರು ಕಾರಿನೊಳಗೆ ಒಮ್ಮೆ ಇಣುಕಿ ನೋಡಿ, ಅವತ್ತಿನಿಂದ ನನ್ನ ಜೊತೆ ತೂಕವಾಗಿಯೇ ಮಾತಾಡತೊಡಗಿದರು. ಆದರೆ ನನ್ನ ಹೆಂಡತಿ ಚಂದ್ರಕಲಾಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ಅಂಥವನು ದಿನಾ ಸಂಜೆ ಎರಡೇ ಪರ್ಸೆಂಟಿನಲ್ಲಿ ಮನೆಗೆ ಬರುತ್ತೇನೆಂದರೆ! ನಾನು ಆಫೀಸು ಬಿಡುವಾಗ ಹೊರಟೆ ಎಂದು ಫೋನು ಮಾಡುವುದು ಹಳೆಯ ಅಭ್ಯಾಸ. ಈಗ ಅದರ ಜೊತೆಗೆ ಪರದೆಯ ಅಂಕಿಯನ್ನೂ ಹೇಳಬೇಕಾಯಿತು. ಅವಳು ಗೇಟಿನಲ್ಲಿ ನಿಂತಿರುತ್ತಿದ್ದಳು. ಕಾರು ನಿಂತ ಕೂಡಲೇ ಬಗ್ಗಿ ನೋಡಿ, ಕಳೆದು, ಕಾಂಪೌಂಡಿನಾಚೆಗೆ ಕೇಳುವ ಹಾಗೆ ಎರಡು ಎನ್ನುತ್ತಿದ್ದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೀದಿಯ ಹೆಂಗಸರೆಲ್ಲ ತಮ್ಮ ಗಂಡಂದಿರ ಪೆಟ್ರೋಲ್ ಗಾಡಿಗಳನ್ನು ಸಂಶಯದಿಂದ ನೋಡತೊಡಗಿದರು. ನಾಲ್ಕನೇ ಮನೆಯ ಸರ್ವಮಂಗಳಮ್ಮ ಮಹಿಳಾ ಸಮಾಜದ ಅಧ್ಯಕ್ಷೆ. ಅವರು ಸಭೆಯಲ್ಲಿ ನನ್ನ ಉದಾಹರಣೆ ಕೊಟ್ಟು ಮಾತಾಡಿದರಂತೆ. ಮೂರು ತಿಂಗಳಲ್ಲಿ ನಮ್ಮ ಬೀದಿಗೆ ಇನ್ನೂ ಒಂಬತ್ತು ಎಲೆಕ್ಟ್ರಿಕ್ ಕಾರುಗಳು ಬಂದವು. ಬಚ್ಚಲ ಕಿಟಕಿಗಳಿಂದೆಲ್ಲ ವೈರುಗಳು ಇಳಿಬಿದ್ದವು. ಗಂಡಸರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮಾತಾಡಿಸುತ್ತಿದ್ದವನು ಗಿರಣಿ ಸಿದ್ದಲಿಂಗಪ್ಪ ಒಬ್ಬನೇ. ಅವನ ಮನೆ ಇರುವುದು ಹಿಟ್ಟಿನ ಗಿರಣಿಯ ಮೇಲೆಯೇ, ಅವನಿಗೆ ಮನೆಗೆ ಹೋಗಲು ಮೆಟ್ಟಿಲು ಮಾತ್ರ ಇತ್ತು. ಮಳೆಗಾಲದಲ್ಲಿ ಆ ಮೆಟ್ಟಿಲುಗಳೂ ಜಾಸ್ತಿಯಾಗುತ್ತವೆ ಎಂದು ಅವನು ಒಮ್ಮೆ ಗುಟ್ಟಾಗಿ ಹೇಳಿದ್ದ.

ಶ್ರಾವಣದಲ್ಲಿ ಒಂದು ಸಂಜೆ ಚಂದ್ರಕಲಾ ಬಗ್ಗಿ ನೋಡಿ ಏನೂ ಹೇಳದೆ ಒಳಗೆ ಹೋದಳು. ಅವತ್ತು ಮೂರಾಗಿತ್ತು. ಎ.ಸಿ. ಹಾಕಿದ್ದೆ ಎಂದೆ. ಮಾರನೆಯ ದಿನ ಎ.ಸಿ. ಹಾಕಲಿಲ್ಲ, ಐದಾಯಿತು. ಏನಾಗುತ್ತಿದೆ ಎಂದು ನನಗೆ ನಿಜವಾಗಿ ಗೊತ್ತಿತ್ತು. ಮನೆ ಬೇಡವಾಗಿರಲಿಲ್ಲ, ಹೆಂಡತಿ ಬೇಡವಾಗಿರಲಿಲ್ಲ. ಗೇಟಿನ ಹತ್ತಿರ ಬಗ್ಗಿ ನೋಡುವ ಆ ಎರಡು ಕಣ್ಣು ನೆನಪಾದರೆ ಕಾಲು ಹಿಂದೆ ಎಳೆಯುತ್ತಿತ್ತು, ಅಷ್ಟೇ. ಎಳೆದಷ್ಟೂ ದಾರಿ ಬೆಳೆಯುತ್ತಿತ್ತು. ಬೆಳೆದಷ್ಟೂ ಅವಳು ಇನ್ನೂ ಬಗ್ಗಿ ನೋಡುತ್ತಿದ್ದಳು. ನವರಾತ್ರಿಯ ಹೊತ್ತಿಗೆ ಮನೆ ನನ್ನಿಂದ ಹನ್ನೆರಡು ಪರ್ಸೆಂಟ್ ದೂರವಾಗಿತ್ತು. ಚಂದ್ರಕಲಾ ಗೊಂಬೆ ಕೂರಿಸಲಿಲ್ಲ. ಸಂಜೆ ಕಾಫಿ ಕೊಡುವಾಗ ಲೋಟ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಒಂದು ದಿನ ಮಾತ್ರ ಕೇಳಿದಳು.

"ಬೇಜಾರಾಗಿದ್ರೆ ಹೇಳ್ಬಿಡಿ. ನಾನೇನೂ ಅಂದ್ಕೊಳ್ಳಲ್ಲ. ಬೀದಿಯೋರ ಹತ್ರ ಎರಡು ಅಂತ ನಾನೇ ಹೇಳ್ಕೋತೀನಿ."

ಅವಳು ನನಗಾಗಿ ಸುಳ್ಳು ಹೇಳಲು ತಯಾರಾದದ್ದು ನನಗೆ ಹೊಡೆತ ಬಿದ್ದ ಹಾಗಾಯಿತು. ನಾನಿರುವಾಗ ಅವಳೇಕೆ ಹೇಳಬೇಕು, ಆ ಕೆಲಸ ನಾನೇ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಆಫೀಸಿನಿಂದ ಮನೆಯ ದಾರಿಯಲ್ಲೇ ಸಿದ್ದಲಿಂಗಪ್ಪನ ಗಿರಣಿ. ಅಲ್ಲಿ ಭಾರಿ ಪವರ್ ಪ್ಲಗ್ ಇತ್ತು. ನಾಲ್ಕೂವರೆಗೆ ಆಫೀಸು ಬಿಟ್ಟು, ಅಲ್ಲಿಂದಲೇ ಫೋನಿನಲ್ಲಿ ಅಂಕಿ ಹೇಳಿ, ಗಿರಣಿಯಲ್ಲಿ ಅರ್ಧ ಗಂಟೆ ಕಾರಿಗೆ ವೈರು ಸಿಕ್ಕಿಸಿ, ಹತ್ತು ಪರ್ಸೆಂಟ್ ತುಂಬಿಕೊಂಡು ಮನೆಗೆ ಹೋದರೆ ಸರಿಯಾಗಿ ಎರಡು. ಚಂದ್ರಕಲಾ ಮತ್ತೆ ಕಾಂಪೌಂಡಿನಾಚೆಗೆ ಕೇಳುವ ಹಾಗೆ ಹೇಳತೊಡಗಿದಳು. ನಾನು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ವಾರದೊಳಗೆ ಗಿರಣಿಯ ಮುಂದೆ ನಮ್ಮ ಬೀದಿಯ ಇನ್ನೂ ಐದು ಕಾರುಗಳು ಸಾಲು ನಿಂತವು. ನಾವು ಆರು ಜನ ಗಂಡಸರು ರಾಗಿ ಹಿಟ್ಟಿನ ಧೂಳಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ, ರಾಗಿ ಬೀಸಿಸಲು ಬಂದವರ ಹಾಗೆ ನಿಂತಿರುತ್ತಿದ್ದೆವು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಒಂದು ಗುರುವಾರ. ಸಿದ್ದಲಿಂಗಪ್ಪ ತನ್ನ ಬೀಗರ ಮನೆಯ ಜಗಳದ ಕಥೆ ತೆಗೆದ. ಕಥೆ ಚೆನ್ನಾಗಿತ್ತು, ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಎಚ್ಚರವಾದಾಗ ಗಂಟೆಯ ಮೇಲಾಗಿತ್ತು. ಗಡಬಡಿಸಿ ವೈರು ಕಿತ್ತು ಹೊರಟೆ. ನಮ್ಮ ಬೀದಿಗೆ ತಿರುಗಿದ ಮೇಲೆಯೇ ಪರದೆ ನೋಡಿದ್ದು. ಆಫೀಸು ಬಿಡುವಾಗ ಅರವತ್ತು ಎಂದು ಹೇಳಿದ್ದೆ. ಪರದೆಯಲ್ಲಿ ಅರವತ್ತೇಳು ಇತ್ತು. ಎ.ಸಿ. ಪೂರ್ತಿ ಹಾಕಿದೆ, ಹಗಲು ಹೊತ್ತಿನಲ್ಲೇ ಹೆಡ್‌ಲೈಟು ಹಾಕಿದೆ, ಬಿಸಿಲಿನಲ್ಲಿ ವೈಪರು ಆಡಿಸಿದೆ, ಹಾರ್ನು ಒತ್ತಿ ಹಿಡಿದೆ. ಅಂಕಿ ಅಲುಗಲಿಲ್ಲ. ಮದುವೆ ದಿಬ್ಬಣದ ಹಾಗೆ ಗದ್ದಲ ಮಾಡಿಕೊಂಡು ಗೇಟಿಗೆ ಬಂದು ನಿಂತಾಗ, ಹಾರ್ನಿನ ಸದ್ದಿಗೆ ಸರ್ವಮಂಗಳಮ್ಮನೂ ಹೊರಗೆ ಬಂದಿದ್ದರು. ಚಂದ್ರಕಲಾ ಬಗ್ಗಿ ನೋಡಿದಳು. ಕಳೆಯಲು ಹೋದಳು, ಕಳೆಯಲು ಬರಲಿಲ್ಲ.

ಖರ್ಚಾಗುವುದಿರಲಿ, ಮನೆಗೆ ಬರುವಾಗ ಚಾರ್ಜು ಹೆಚ್ಚಾದ ಗಂಡಸು ಊರಿನ ಇತಿಹಾಸದಲ್ಲೇ ಇಲ್ಲ ಎಂದು ಸರ್ವಮಂಗಳಮ್ಮ ಅಲ್ಲೇ ಘೋಷಿಸಿದರು. ಕತ್ತಲಾಗುವುದರೊಳಗೆ ಯಾರೋ ಕಾರಿಗೆ ಕುಂಕುಮ ಹಚ್ಚಿ ಹೋದರು. ಮಹಿಳಾ ಸಮಾಜದಿಂದ ನನಗೆ ಸನ್ಮಾನ ಎಂದು ಮರುದಿನವೇ ತೀರ್ಮಾನವಾಯಿತು: ಶಾಲು, ಪೇಟ, ಹಣ್ಣಿನ ಬುಟ್ಟಿ. ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ತಲೆ ತಗ್ಗಿಸಿ ಹಾಕಿಸಿಕೊಳ್ಳುತ್ತಿದ್ದೆ. ಆದರೆ ಮುಂದಿನ ಶನಿವಾರ ಮಧ್ಯಾಹ್ನ ಇಲಾಖೆಯ ಗೇಟಿನಿಂದ ನಮ್ಮ ಮನೆಯ ಗೇಟಿನವರೆಗೆ ಎಲ್ಲರೆದುರಿಗೆ ಕಾರು ಓಡಿಸಿ ತೋರಿಸಬೇಕು, ಸಾಕ್ಷಿಗೆ ಪಕ್ಕದಲ್ಲಿ ಸರ್ವಮಂಗಳಮ್ಮ, ಬಂದ ಅಂಕಿಯನ್ನು ಮೈಕಿನಲ್ಲಿ ಹೇಳುವುದು ಎಂದಾಯಿತು. ಗಿರಣಿಯ ಐದು ಜನ ಅಂದಿನಿಂದ ಮನೆಗೆ ನಡೆದೇ ಹೋದರು.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ಬೆಳಿಗ್ಗೆ ತಣ್ಣೀರು ಮೈಮೇಲೆ ಸುರಿದುಕೊಂಡ ಧೈರ್ಯದಲ್ಲಿ ಅಡುಗೆಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಹನ್ನೆರಡು ಪರ್ಸೆಂಟಿನ ಕಥೆ, ಗಿರಣಿಯ ಕಥೆ, ಶನಿವಾರ ಮಾನ ಹೋಗುವ ಕಥೆ. ಚಂದ್ರಕಲಾ ದೋಸೆ ಮಗುಚಿ ಹಾಕಿದಳು.

"ಗೊತ್ತು ಬಿಡಿ. ಮೊದಲ್ನೇ ದಿನವೇ ಕಿವಿ ಹಿಂದೆ ರಾಗಿ ಹಿಟ್ಟಿತ್ತು."

"ಮತ್ಯಾಕೆ ಸುಮ್ನಿದ್ದೆ?"

"ದಿನಾ ಅರ್ಧ ಗಂಟೆ ಧೂಳಲ್ಲಿ ನಿಂತು ಬರ್ತಿದ್ರಲ್ಲ. ಇವ್ರಿಗೆ ನಾನು ಅಷ್ಟಾದ್ರೂ ಬೇಕು ಅಂದ್ಕೊಂಡೆ."

 ದೋಸೆ ತಿಂದೆ. ಉಪಾಯವನ್ನೂ ಅವಳೇ ಹೇಳಿದಳು: ನಿಮಗೆ ಕೈ ಉಳುಕಿದೆ ಎನ್ನಿ, ಶನಿವಾರ ಗಾಡಿ ನಾನು ಓಡಿಸುತ್ತೇನೆ. ಮನೆ ನಡೆಸುವವಳಿಗಿಂತ ಮನೆ ಇನ್ಯಾರಿಗೆ ಹತ್ತಿರ? ಅರ್ಧ ಪರ್ಸೆಂಟಿನಲ್ಲಿ ತಂದು ನಿಲ್ಲಿಸುತ್ತೇನೆ, ಗಂಡ ಹೆಂಡತಿ ಇಬ್ಬರ ಮಾನವೂ ಉಳಿಯುತ್ತದೆ. ಕೇಳಿದ ಕೂಡಲೇ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರಲ್ಲಿ ನನಗಾಗಲಿ ಅವಳಿಗಾಗಲಿ ಒಂದು ಚೂರೂ ಅನುಮಾನವಿರಲಿಲ್ಲ. ಸರ್ವಮಂಗಳಮ್ಮ ಕೂಡ ಒಪ್ಪಿ, ಇದು ಇನ್ನೂ ಒಳ್ಳೆಯದಾಯಿತು, ಗೃಹಿಣಿಯ ಮಹತ್ವ ಜನಕ್ಕೆ ತಿಳಿಯುತ್ತದೆ ಎಂದರು.

ಚಂದ್ರಕಲಾ ಮದುವೆಗೆ ಮುಂಚೆ ಡ್ರೈವಿಂಗ್ ಕಲಿತಿದ್ದಳು. ನನ್ನ ಹಳೆಯ ಕಾರಿನ ಸ್ಟೇರಿಂಗನ್ನು ಒಂದು ದಿನವೂ ಮುಟ್ಟಿರಲಿಲ್ಲ. ಮುಟ್ಟು ಎಂದು ನಾನೂ ಹೇಳಿರಲಿಲ್ಲ. ತರಕಾರಿ ಗೇಟಿಗೆ ಬರುತ್ತಿತ್ತು, ದೇವಸ್ಥಾನ ಬೀದಿಯ ತುದಿಯಲ್ಲಿತ್ತು, ಬೇರೆಲ್ಲಿಗಾದರೂ ಹೋಗಬೇಕಾದರೆ ನಾನಿದ್ದೆ. ಈಗ ಮೂರು ಸಂಜೆ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡಿದಳು. ಗೇರಿಲ್ಲ, ಕ್ಲಚ್ಚಿಲ್ಲ, ಮಿಕ್ಸಿಗಿಂತ ಸಲೀಸು ಎಂದಳು. ಮನೆಯಿಂದ ಮೈದಾನಕ್ಕೆ ಹೋಗುವಾಗ ಅವಳೇ ಓಡಿಸುತ್ತಿದ್ದಳು. ಗೇಟು ದಾಟಿದೆವು ಎನ್ನುವಷ್ಟರಲ್ಲಿ ಮೈದಾನ ಬಂದುಬಿಡುತ್ತಿತ್ತು, ಅಂಕಿ ಕದಲುತ್ತಿರಲಿಲ್ಲ. ಎಂಥ ಒಳ್ಳೆಯ ಡ್ರೈವರು ನೀನು ಎಂದು ಹೊಗಳಿದೆ. ವಾಪಸ್ಸು ಬರುವಾಗ ಸ್ಟೇರಿಂಗ್ ನಾನು ಹಿಡಿಯುತ್ತಿದ್ದೆ, ಕತ್ತಲಾಗುತ್ತದಲ್ಲ ಎಂದು.

ಶನಿವಾರ ನಾಲ್ಕು ಗಂಟೆಗೆ ಇಲಾಖೆಯ ಗೇಟಿನಲ್ಲಿ ಎಂಬತ್ತೆಂಟು ಎಂದು ಮೈಕಿನಲ್ಲಿ ಹೇಳಿದರು. ಚಂದ್ರಕಲಾ ಹೊಸ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಸರ್ವಮಂಗಳಮ್ಮ, ಹಿಂದೆ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಂಡಿಗೆ ಗದ್ದ ಊರಿದ ನಾನು. ಕಾರು ಹೊರಟಿತು. ಮೊದಲ ತಿರುವಿನವರೆಗೆ ಸರ್ವಮಂಗಳಮ್ಮ ನಮ್ಮ ಮನೆಯ ಗೇಟಿನಲ್ಲಿದ್ದವರಿಗೆ ಫೋನಿನಲ್ಲಿ ಅಂಕಿ ಹೇಳುತ್ತಲೇ ಇದ್ದರು. ಎಂಬತ್ತೇಳು. ಎಂಬತ್ತೈದು. ಎಂಬತ್ತೊಂದು ಬಂದಾಗ ರೋಡು ಸ್ವಲ್ಪ ಏರು ಎಂದರು. ನಮ್ಮ ಊರಿನ ರಸ್ತೆಗೆ ಏರು ಇರಲಿಲ್ಲ.

ಎರಡನೆಯ ತಿರುವು ಬರಬೇಕಾದ ಕಡೆ ಹುಣಸೆಮರಗಳ ಸಾಲು ಬಂತು. ನಾನು ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೇನೆ, ಅಲ್ಲಿ ಎರಡೇ ಮರ. ಅವತ್ತು ಸಾಲು ಮುಗಿಯಲೇ ಇಲ್ಲ. ಆಮೇಲೆ ಒಂದು ಕೆರೆ ಬಂತು, ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡಿದರು. ಆಮೇಲೆ ಒಂದು ಸಂತೆ, ಒಂದು ರೈಲ್ವೆ ಗೇಟು. ರೈಲ್ವೆ ಗೇಟು! ನಮ್ಮ ಊರಿಗೆ ರೈಲೇ ಇಲ್ಲ. ಗೇಟು ತೆಗೆಯುವವರೆಗೆ ಚಂದ್ರಕಲಾ ಕಿಟಕಿ ಇಳಿಸಿ ಸೀಬೆಹಣ್ಣು ಕೊಂಡಳು, ನಮ್ಮಿಬ್ಬರಿಗೂ ಕೊಟ್ಟಳು. ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದೆ. ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಅವಳನ್ನು ನೋಡಲು ಹೋದ ದಿನ ಬಾಗಿಲ ಸಂದಿಯಿಂದ ಇಣುಕಿದ ಮುಖ ಅದು, ಆಮೇಲೆ ಎಲ್ಲಿಟ್ಟಿದ್ದಳೋ. ಅರವತ್ತು ದಾಟಿದಾಗ ಸರ್ವಮಂಗಳಮ್ಮ ಫೋನು ಆರಿಸಿದರು. ಐವತ್ತಕ್ಕೆ ಬಂದಾಗ ಕೈ ಚಾಚಿ ತಮ್ಮ ಸೆರಗನ್ನು ಪರದೆಯ ಮೇಲೆ ಹಾಕಿದರು. 

ನಮ್ಮ ಗೇಟು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಾದು ಕಾದು ಅರ್ಧ ಜನ ಹೋಗಿದ್ದರು, ಹಣ್ಣಿನ ಬುಟ್ಟಿಯಲ್ಲಿ ದ್ರಾಕ್ಷಿ ಮುಗಿದಿತ್ತು. ಸೆರಗಿನಡಿ ಇದ್ದದ್ದು ನಲವತ್ತೊಂದು. ನಾವು ಮೂವರಷ್ಟೇ ನೋಡಿದ್ದು. ಎಂಬತ್ತೆಂಟರಲ್ಲಿ ನಲವತ್ತೊಂದು ಕಳೆದರೆ ಎಷ್ಟು ಎಂದು ಲೆಕ್ಕ ಮಾಡಲು ನನಗೆ ಧೈರ್ಯವಾಗಲಿಲ್ಲ, ಆದರೂ ಲೆಕ್ಕ ಆಗಿಯೇ ಹೋಯಿತು. ನಾನು ತುಂಬ ಬೇಸರಪಡುವ ಆಫೀಸಿನ ಮೂವತ್ತೆಂಟಕ್ಕಿಂತ ಒಂಬತ್ತು ಜಾಸ್ತಿ. ಸರ್ವಮಂಗಳಮ್ಮ ಇಳಿದು, ಸೀರೆ ಸರಿಮಾಡಿಕೊಂಡು, ಮೈಕು ತೆಗೆದುಕೊಂಡು ಎರಡು ಎಂದರು. ಇದ್ದವರು ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿದರು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು, ಅದೊಂದು ಒಳ್ಳೆಯದಾಯಿತು. ಎಲ್ಲ ಮುಗಿದ ಮೇಲೆ ಸರ್ವಮಂಗಳಮ್ಮ ನಡೆದುಕೊಂಡು ಹೊರಟರು. ಅವರ ಮನೆ ನಮ್ಮಿಂದ ನಾಲ್ಕನೆಯದು. ನಾನು ಶಾಮಿಯಾನ ಬಿಚ್ಚಿಸಿ, ಕುರ್ಚಿಗಳನ್ನೆಲ್ಲ ಎಣಿಸಿ ಕಳಿಸಿ ಮತ್ತೆ ನೋಡಿದಾಗಲೂ ಅವರು ಬೀದಿಯಲ್ಲಿ ನಡೆಯುತ್ತಲೇ ಇದ್ದರು.

ಒಳಗೆ ಬಂದಾಗ ಚಂದ್ರಕಲಾ ಉಳಿದ ಸೀಬೆಹಣ್ಣುಗಳನ್ನು ತೊಳೆಯುತ್ತಿದ್ದಳು. ನನಗೆ ಅಳು ಬಂದಿತ್ತು. ಈ ಮನೆಯಲ್ಲಿ ನಿನಗೆ ಏನು ಕಡಿಮೆ ಮಾಡಿದೆ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಅನ್ನಿಸಿ ಮುಚ್ಚಿಕೊಂಡೆ. ಅವಳೇ ಮಾತಾಡಿದಳು.

"ಆಣೆ ಮಾಡ್ತೀನಿ ರೀ, ನಂಗೂ ಗೊತ್ತಿರ್ಲಿಲ್ಲ. ಒಬ್ಬಳೇ ಹೊರಗೆ ಹೋಗಿದ್ರೆ ತಾನೆ ವಾಪಸ್ಸು ಬರೋದು ಎಷ್ಟು ದೂರ ಅಂತ ಗೊತ್ತಾಗೋದು?" ಒಂದು ಹಣ್ಣು ಒರೆಸುತ್ತಾ ಮೆಲ್ಲಗೆ ಹೇಳಿದಳು, "ಆ ಕೆರೆ ಚೆನ್ನಾಗಿತ್ತು, ಅಲ್ವಾ?"

ಚೆನ್ನಾಗಿತ್ತು ಎಂದೆ. ಅದು ನಿಜವೂ ಆಗಿತ್ತು.

ಸೋಮವಾರ ನಾನು ಆಫೀಸಿಗೆ ನಡೆದು ಹೊರಟೆ. ಕಾರಿನ ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೆ, ಕೊಡುತ್ತೇನೆ ಎಂದು ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಒಂದು ಸನ್ಮಾನವಾಗುತ್ತಿತ್ತು. ಈಗ ದಿನಾ ಮಧ್ಯಾಹ್ನ ಚಂದ್ರಕಲಾ ಹೋಗುತ್ತಾಳೆ. ಒಂದು ದಿನ ತಂಗಿಯ ಮನೆ, ಒಂದು ದಿನ ಲೈಬ್ರರಿ, ಒಂದು ದಿನ ಎಲ್ಲಿಗೆಂದು ಹೇಳುವುದಿಲ್ಲ. ವಾರಕ್ಕೊಮ್ಮೆ ಸರ್ವಮಂಗಳಮ್ಮನೂ ಹೋಗುತ್ತಾರೆ. ಪರದೆಯ ಅಂಕಿಯ ಮೇಲೆ ಚಂದ್ರಕಲಾ ತನ್ನ ಹಣೆಯ ದೊಡ್ಡ ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದ್ದಾಳೆ. ನಾನು ಅದನ್ನು ಕಿತ್ತು ನೋಡಿಲ್ಲ. ಸಂಜೆ ಗೇಟಿನಲ್ಲಿ ನಿಂತು ಕಾಯುವ ಕೆಲಸ ನನ್ನದು. ಆ ಕಾರಿಗೆ ಶಬ್ದವಿಲ್ಲ, ತಿರುವಿನಲ್ಲಿದ್ದಾಳೋ ಇನ್ನೂ ಕೆರೆಯ ದಡದಲ್ಲೇ ಇದ್ದಾಳೋ ಕಿವಿಗೆ ತಿಳಿಯುವುದಿಲ್ಲ. ಹಾಗಾಗಿ ಕಣ್ಣು ಬಿಟ್ಟುಕೊಂಡು ನಿಲ್ಲಬೇಕು. ಒಂದೊಂದು ದಿನ ಬೇಗ ಬರುತ್ತಾಳೆ, ಒಂದೊಂದು ದಿನ ತಡ. ದಾರಿ ಹೇಗಿತ್ತು ಎಂದು ಕೇಳುತ್ತೇನೆ. ಈಗ ಹೊರಟೆ, ಈಗ ಬಂದೆ ಎನ್ನುತ್ತಾಳೆ.

ಬಿಸಿನೀರಿನ ಸ್ನಾನ ಬಿಟ್ಟು ನಾಲ್ಕು ತಿಂಗಳಾಯಿತು. ಅವಳು ಬಂದ ಕೂಡಲೇ ಗೀಸರಿನ ಪ್ಲಗ್ ಕಿತ್ತು, ಕಿಟಕಿಯಿಂದ ವೈರು ಎಳೆದು ಕಾರಿಗೆ ಸಿಕ್ಕಿಸುತ್ತೇನೆ. ಬೆಳಗಾಗುವಷ್ಟರಲ್ಲಿ ನೂರಕ್ಕೆ ನೂರು ತುಂಬಿರಬೇಕು. ಹೋಗಲು ಅವಳಿಗೆ ಏನೂ ಬೇಕಾಗುವುದಿಲ್ಲ, ಅದು ನನಗೆ ಗೊತ್ತು. ಮನೆ ಎಷ್ಟೇ ದೂರವಾದರೂ ವಾಪಸ್ಸು ಬರುವಷ್ಟು ಇರಬೇಕಲ್ಲ.